ಎಣ್ಣಿ ಉಡಚಪ್ಪನ ಹೊಟ್ಟೆಕಿಚ್ಚು

ಅಕ್ಕಿಆಲೂರಿನಲ್ಲಿ ಆಗ ಮೂರು ಜನ ಉಡಚಪ್ಪಂದಿರಿದ್ದರು. ಒಬ್ಬ ಅಕ್ಕಿ ಗಿರಣಿಯಲ್ಲಿ ತೂಕಕ್ಕೆ ನಿಲ್ಲುವವ, ಇನ್ನೊಬ್ಬ ಬಡಗಿ. ಮೂರನೆಯವ ಚಿಮಣಿ ಎಣ್ಣೆ ಮಾರುವವ. ಊರಿನ ಬಾಯಲ್ಲಿ ಅವನು ಎಣ್ಣಿ ಉಡಚಪ್ಪ. ನಾನು ಹೇಳಹೊರಟಿರುವುದು ಅವನ ಸಂಗತಿ.

ನಾನು ಹಾನಗಲ್ಲಿನವನು. ಪ್ರಾಣೇಶ ನನ್ನ ಹೆಸರು. 1953ರ ಜೂನಿನಲ್ಲಿ ಅಕ್ಕಿಆಲೂರಿನ ಸಾಲೆಗೆ ಭೂಗೋಳ ಕಲಿಸುವ ಮಾಸ್ತರನಾಗಿ ಹೋದೆ. ಆ ಊರಿನಲ್ಲಿ ನನ್ನ ಮನೆಗೆ ಮೊದಲು ಬಂದವನೇ ಉಡಚಪ್ಪ. ನಾನು ಪೆಟ್ಟಿಗೆ ಬಿಚ್ಚುವುದರೊಳಗೆ ಬಾಗಿಲಲ್ಲಿ ಚಕ್ಕಡಿ ನಿಲ್ಲಿಸಿ, ‘ಹೊಸಾ ಮಾಸ್ತರ್ರು ಬಂದಾರಂತ ಕೇಳಿದೆ. ಬಾಟ್ಲಿ ಕೊಡ್ರಿ, ದೀಪಕ್ಕ ಹಾಕಿ ಹೋಗ್ತೇನಿ’ ಅಂದ. ನನ್ನಲ್ಲಿ ಬಾಟಲಿ ಇರಲಿಲ್ಲ. ತನ್ನದನ್ನೇ ಕೊಟ್ಟು ಹೋದ.

ಇಪ್ಪತ್ತರ ಹರೆಯದಲ್ಲಿ ಹೆಗಲ ಮೇಲೆ ಅಡ್ಡೆ ಹೊತ್ತು, ಆಚೆ ಒಂದು ಈಚೆ ಒಂದು ಡಬ್ಬಿ ತೂಗುಹಾಕಿಕೊಂಡು ಊರೂರು ತಿರುಗಿದವನು ಅವನು. ನಾನು ನೋಡುವ ಹೊತ್ತಿಗೆ ನಲವತ್ತೈದು ದಾಟಿತ್ತು. ಎರಡೆತ್ತಿನ ಚಕ್ಕಡಿ, ಅದರ ಮೇಲೆ ಅಡ್ಡ ಮಲಗಿಸಿ ಹಗ್ಗ ಬಿಗಿದ ಕಬ್ಬಿಣದ ಪೀಪಾಯಿ. ಹಾವೇರಿಯ ರೈಲು ಸ್ಟೇಷನ್ನಿನ ಹತ್ತಿರ ಒಬ್ಬ ಏಜಂಟರ ಡಿಪೋ ಇತ್ತು. ಅಲ್ಲಿ ಪೀಪಾಯಿ ತುಂಬಿಸಿಕೊಂಡು ಬಂದು, ಒಂದು ವಾರ ಹಾನಗಲ್ಲಿನ ಕಡೆಯ ಹಳ್ಳಿಗಳು, ಒಂದು ವಾರ ಹಂಸಭಾವಿ, ಹಿರೇಕೆರೂರಿನ ಕಡೆಯ ಹಳ್ಳಿಗಳು. ಎಣ್ಣೆಗೆ ನೀರು ಬೆರೆಸಿದವನಲ್ಲ, ಅಳತೆಯಲ್ಲಿ ಕೈ ಕುಗ್ಗಿಸಿದವನಲ್ಲ. ದೊಡ್ಡ ಯುದ್ಧದ ಕಾಲದಲ್ಲಿ ಎಣ್ಣೆ ರೇಷನ್ನಿಗೆ ಬಂದಾಗ ಗೌಡರ ಮನೆಗಳಲ್ಲೂ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದರಂತೆ. ‘ಉಡಚಪ್ಪ, ಮುಂದಿನ ವಾರ ಎಣ್ಣಿ ಬರ್ತೈತೇನ?’ ಎಂದು ಊರಿಗೆ ಊರೇ ಅವನನ್ನು ಕೇಳುತ್ತಿತ್ತು. ಅವನು ಚಹಾ ಕುಡಿದು ಮುಗಿಸಿ, ‘ನೋಡೂಣು’ ಅನ್ನುತ್ತಿದ್ದ. ಹಾಗೆ ಅನ್ನುವಾಗ ಆಗುತ್ತಿದ್ದ ಸುಖವನ್ನು ಅವನು ನನ್ನ ಮುಂದೆ ಹಲವು ಸಲ ವರ್ಣಿಸಿದ್ದಾನೆ. ಯುದ್ಧ ಮುಗಿದರೂ ಆ ಕೇಳಿಕೆ ನಿಂತಿರಲಿಲ್ಲ. ಎಣ್ಣೆಯ ವಿಚಾರ ಬಂದರೆ ಉಡಚಪ್ಪನನ್ನೇ ಕೇಳಬೇಕು.

ಆ ಕೇಳಿಕೆಯನ್ನು ಅವನಿಂದ ಕಸಿದುಕೊಂಡವನು ರಾಜೇಸಾಬ.

ರಾಜೇಸಾಬ ಸವಣೂರಿನವನು. ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಇರಾಣದ ಅಬಾದಾನಕ್ಕೆ ಹೋಗಿದ್ದ. ಅಲ್ಲಿ ನೆಲದ ಎಣ್ಣೆಯನ್ನು ಶುದ್ಧ ಮಾಡುವ ಬಹಳ ದೊಡ್ಡ ಕಾರಖಾನೆ. ಅದರಲ್ಲಿ ಹನ್ನೆರಡು ವರ್ಷ ಪೈಪು ಜೋಡಿಸುವ ಫಿಟ್ಟರನಾಗಿ ದುಡಿದ. 1951ರಲ್ಲಿ ಇರಾಣದ ಸರಕಾರ ಎಣ್ಣೆಯೆಲ್ಲ ತನ್ನದೆಂದು ವಶಕ್ಕೆ ತೆಗೆದುಕೊಂಡಿತು. ಇಂಗ್ಲೆಂಡಿನವರು ಹಡಗು ಕಳಿಸುವುದನ್ನು ನಿಲ್ಲಿಸಿದರು. ಒಯ್ಯುವವರಿಲ್ಲದೆ ಟಾಕಿಗಳೆಲ್ಲ ತುಂಬಿದವು, ಬಾವಿಯಿಂದ ಎಣ್ಣೆ ಎತ್ತುವುದು ದಿನದಿನಕ್ಕೆ ಕಡಿಮೆಯಾಗಿ, ಕೊನೆಗೆ ಕಾರಖಾನೆಯೇ ನಿಂತಿತು. ಹೊರದೇಶದ ಕೆಲಸಗಾರರನ್ನು ಮನೆಗೆ ಕಳಿಸಿದರು. ರಾಜೇಸಾಬನ ಹೆಂಡತಿ ಹುಸೇನಬಿಯ ತವರು ಅಕ್ಕಿಆಲೂರು. ಅವನು ಅಲ್ಲಿಯೇ ಬಂದು ನಿಂತು, ಬಸ್ಸು ನಿಲ್ಲುವ ಕಡೆ ಒಂದು ತಗಡಿನ ಅಂಗಡಿ ಹಾಕಿದ. ಸ್ಟೋವು, ಗ್ಯಾಸಬತ್ತಿ, ಅಕ್ಕಿ ಗಿರಣಿಯ ಎಂಜಿನ್ನಿನ ನಳಿಗೆ, ಏನು ಕೆಟ್ಟರೂ ರಿಪೇರಿ ಮಾಡುತ್ತಿದ್ದ.

ಕೈಯಲ್ಲಿ ಕೆಲಸ ನಡೆದಿರುವಾಗ ಬಾಯಿಯಲ್ಲಿ ಮಾತು ನಡೆಯುತ್ತಿತ್ತು. ಎಣ್ಣೆ ನೆಲದೊಳಗೆ ಮೈಲಿಗಟ್ಟಲೆ ಆಳದಲ್ಲಿ ಇರುವುದು, ಅದನ್ನು ಗುಡ್ಡ ಹತ್ತಿಸಿ, ಮರಳುಗಾಡು ದಾಟಿಸಿ ತರುವ ಪೈಪುಗಳು, ಒಬ್ಬ ಮನುಷ್ಯ ಅಂಬೆಗಾಲಲ್ಲಿ ಹೊಕ್ಕು ಹೊರಬರಬಹುದಾದ ನಳಿಗೆಗಳು. ಕಾರಖಾನೆ ನಿಂತ ದಿನಗಳ ಮಾತನ್ನು ಅವನು ಮೆಲ್ಲಗೆ ಹೇಳುತ್ತಿದ್ದ. ‘ಒಲಿಗಳನ್ನ ಒಂದೊಂದ ಆರಿಸಿದ್ರು. ಹನ್ನೆರಡು ವರ್ಷ ಕಿವಿಯಾಗ ಸಪ್ಪಳ ಇತ್ತು. ಅವತ್ತ ಸಪ್ಪಳ ನಿಂತ್ಮ್ಯಾಲೆ ನಮಗ ತಲಿ ತಿರುಗಿದಂಗ ಆತು’ ಅನ್ನುತ್ತಿದ್ದ. ಬಡಾಯಿ ಅವನಲ್ಲಿರಲಿಲ್ಲ. ಕೇಳಿದರೆ ಹೇಳುತ್ತಿದ್ದ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನುತ್ತಿದ್ದ. ಜನ ಅವನನ್ನು ನಂಬಿದ್ದು ಅದಕ್ಕೇ.

ಉಡಚಪ್ಪನ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದು ಸಂತೆಯ ದಿನ. ನಾನು ಊರಿಗೆ ಬರುವ ಮೊದಲಿನ ಮಾತು, ಅವನೇ ಹೇಳಿದ್ದು. ಪೀಪಾಯಿಯ ಮುಂದೆ ಜನ ನಿಂತಿದ್ದಾರೆ. ಯಾರೋ ಒಬ್ಬ ಹೆಣ್ಣುಮಗಳು ಕೇಳಿದಳು: ‘ಯಣ್ಣಾ, ಈ ಎಣ್ಣಿ ಎಲ್ಲಿಂದ ಬರ್ತೈತಿ?’ ಇಪ್ಪತ್ತೈದು ವರ್ಷಗಳಿಂದ ಹೇಳಿದ ಉತ್ತರವನ್ನೇ ಉಡಚಪ್ಪ ಹೇಳಿದ: ‘ಹಾವೇರಿಯಿಂದ.’ ಹಿಂದೆ ನಿಂತವರು ನಕ್ಕರು. ‘ಹಾವೇರ್ಯಾಗ ಏನ ಎಣ್ಣಿ ಬಾವಿ ಐತೇನ? ರಾಜೇಸಾಬನ್ನ ಕೇಳ ಹೋಗ, ಹೇಳ್ತಾನ’ ಅಂದರು. ಆ ಹೆಣ್ಣುಮಗಳು ಬಾಟಲಿ ತುಂಬಿಸಿಕೊಂಡವಳು ನೆಟ್ಟಗೆ ತಗಡಿನ ಅಂಗಡಿಯ ಕಡೆಗೆ ಹೋದಳು. ಉಡಚಪ್ಪ ಅವಳ ಬೆನ್ನನ್ನು ನೋಡುತ್ತ ನಿಂತ. ಅಳತೆಯ ಪಾವಿನಿಂದ ಎಣ್ಣೆ ಚೆಲ್ಲಿ ಕಾಲ ಮೇಲೆ ಬಿತ್ತು. ಅದು ಅವನ ಕೈಯಿಂದ ಚೆಲ್ಲಿದ ಮೊದಲ ಎಣ್ಣೆ ಎಂದು ಅವನು ನನಗೆ ಹೇಳಿದ.

ಅಲ್ಲಿಂದ ಮುಂದೆ ಎಲ್ಲಿ ನೋಡಿದರೂ ರಾಜೇಸಾಬ. ಮನೆಯಲ್ಲಿ ಹೆಂಡತಿ ಸುಶೀಲವ್ವ ಸ್ಟೋವು ಹಚ್ಚಿ, ‘ಆ ರಾಜೇಸಾಬ ರಿಪೇರಿ ಮಾಡಿದ್ಮ್ಯಾಲೆ ಹೆಂಗ ನೀಲಿ ಉರಿ ಬರ್ತೈತಿ ನೋಡ್ರಿ’ ಅಂದಳು. ಮಗಳು ಮಾದೇವಿಯನ್ನು ತಡಸಕ್ಕೆ ಕೊಟ್ಟಿದ್ದರು. ದೀಪಾವಳಿಗೆ ಬಂದ ಅಳಿಯ ಮಾವನ ಜೊತೆ ಒಂದು ಗಳಿಗೆ ಕೂತನೋ ಇಲ್ಲವೋ, ಮೂರು ದಿನವೂ ತಗಡಿನ ಅಂಗಡಿಯಲ್ಲೇ ಕಳೆದ. ಊಟಕ್ಕೆ ಕರೆದರೆ, ‘ತಡೀರಿ ಮಾವ, ಪೈಪಿನ ಮಾತು ಮುಗೀಲಿ’ ಅಂದನಂತೆ. ಉಡಚಪ್ಪ ಆ ಹಬ್ಬದಲ್ಲಿ ಹೋಳಿಗೆ ಮುಟ್ಟಲಿಲ್ಲ.

ಆಮೇಲೆ ಒಂದು ದಿನ ಅವನು ಸಾಲೆಗೆ ಬಂದ. ಮಧ್ಯಾಹ್ನದ ರಜೆ, ಹುಡುಗರೆಲ್ಲ ಹೊರಗೆ ಆಡುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗೋಡೆಗೆ ತೂಗುಹಾಕಿದ್ದ ನಕಾಶೆಯನ್ನು ನೋಡುತ್ತ ನಿಂತ.

‘ಮಾಸ್ತರ್ರ, ಇದರಾಗ ಅಬಾದಾನ ಎಲ್ಲೈತಿ?’

ತೋರಿಸಿದೆ.

‘ಎಣ್ಣಿ ಅಲ್ಲಿಂದ ನಮ್ಮ ಹಾವೇರಿಗೆ ಹೆಂಗ ಬರ್ತೈತಿ? ಬೆರಳಿಟ್ಟು ತೋರಸ್ರಿ.’

ನಾನು ಬೆರಳಿಟ್ಟು ಸಮುದ್ರ ದಾಟಿಸಿ, ಮುಂಬಯಿಗೆ ತಂದು, ರೈಲಿನ ದಾರಿ ಹಿಡಿಸಿ ತಂದೆ. ಅವನೂ ತನ್ನ ಬೆರಳಿನಿಂದ ಅದೇ ದಾರಿಯಲ್ಲಿ ಬಂದ. ಎರಡು ಸಲ, ಮೂರು ಸಲ. ಮರುದಿನ ಮತ್ತೆ ಬಂದ. ಓದು ಬರಹ ಅವನಿಗೆ ಅಷ್ಟಕ್ಕಷ್ಟೆ, ಆದರೆ ನೆನಪು ಬಹಳ ಗಟ್ಟಿ. ಒಂದು ವರ್ಷದಲ್ಲಿ ಬಸ್ರಾ, ಕಿರ್ಕುಕ್, ಅಲ್ಲಿಂದ ಸಿರಿಯಾ ದೇಶದ ನಡುವೆ ಹಾದು ಸಮುದ್ರ ಮುಟ್ಟುವ ಪೈಪಿನ ದಾರಿ, ಎಲ್ಲ ಅವನ ಬಾಯಲ್ಲಿತ್ತು. ನನಗೆ ಗೊತ್ತಿಲ್ಲದ್ದನ್ನು ಧಾರವಾಡದಿಂದ ಪುಸ್ತಕ ತರಿಸಿ ಓದಿ ಹೇಳಿದೆ. ಕಲಿಯುವ ಹಂಬಲ ಎಂದು ತಿಳಿದು ಸಂತೋಷಪಟ್ಟಿದ್ದೆ. ಒಂದು ದಿನ ಅವನು ಸುಯೆಜ್ ಕಾಲುವೆಯ ಮೇಲೆ ಬೆರಳಿಟ್ಟು, ‘ರಾಜೇಸಾಬ ಇದನ್ನ ನೋಡ್ಯಾನೇನ್ರಿ?’ ಎಂದು ಕೇಳಿದ.

‘ಅವರು ಹೋಗಿದ್ದು ಮುಂಬಯಿಯಿಂದ ಅಬಾದಾನಕ್ಕ. ಕಾಲುವಿ ಇನ್ನೂ ದೂರ ಅದ. ನೋಡಿರಲಿಕ್ಕಿಲ್ಲ.’

‘ಹಂಗಾರ ಇದು ಅವಂಗ ಗೊತ್ತಿಲ್ಲ’ ಅಂದ. ಮುಖದಲ್ಲಿ ಒಂದು ಗೆಲುವು ಬಂತು. ಆಗ ನನಗೆ ಅವನ ಕಲಿಕೆಯ ಮೂಲ ತಿಳಿಯಿತು. ತಿಳಿದರೂ ಕಲಿಸುವುದನ್ನು ಬಿಡಲಿಲ್ಲ. ಅಷ್ಟು ಶ್ರದ್ಧೆಯ ವಿದ್ಯಾರ್ಥಿ ನನಗೆ ಬೇರೆ ಸಿಕ್ಕಿರಲಿಲ್ಲ.

ಈ ನಡುವೆ ಒಂದು ಸಂಗತಿ ನಡೆಯಿತು. ಹಂಸಭಾವಿಯಿಂದ ಖಾಲಿ ಪೀಪಾಯಿ ಹೊಡೆದುಕೊಂಡು ಬರುವಾಗ ದಾರಿಯಲ್ಲಿ ರಾಜೇಸಾಬ ಸಿಕ್ಕ. ಯಾರದೋ ಎಂಜಿನ್ ರಿಪೇರಿಗೆ ಹೋದವನಿಗೆ ಬಸ್ಸು ತಪ್ಪಿತ್ತು. ಹತ್ತಿಸಿಕೊಳ್ಳದೆ ಹೋಗುವುದು ಹೇಗೆ? ಉಡಚಪ್ಪ ಹತ್ತಿಸಿಕೊಂಡ. ದಾರಿಯುದ್ದಕ್ಕೂ ರಾಜೇಸಾಬ ಅವನನ್ನೇ ಕೇಳುತ್ತ ಬಂದ. ಯಾವ ಊರಿನಲ್ಲಿ ಎಷ್ಟು ಮನೆ, ಯಾರ ಮನೆಯಲ್ಲಿ ಕಂದೀಲು, ಯಾರ ಮನೆಯಲ್ಲಿ ಬರೀ ಬುಡ್ಡಿ, ಮಳೆಗಾಲದಲ್ಲಿ ಹಳ್ಳ ದಾಟುವುದು ಹೇಗೆ. ಉಡಚಪ್ಪನಿಗೆ ಮಾತಾಡಿ ಮಾತಾಡಿ ಗಂಟಲು ಒಣಗಿತು. ತಿಳುವಳ್ಳಿಯ ಹತ್ತಿರ ಎತ್ತುಗಳಿಗೆ ನೀರು ಕುಡಿಸಲು ನಿಂತಾಗ ರಾಜೇಸಾಬ ಜೇಬಿನಿಂದ ಒಂದು ಪತ್ರ ತೆಗೆದ. ಅಬಾದಾನದಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳೆಯ ಈಗ ಕರಾಚಿಯಲ್ಲಿದ್ದಾನೆ, ಆರು ತಿಂಗಳಿಗೊಮ್ಮೆ ಪತ್ರ ಬರೆಯುತ್ತಾನೆ, ಮಗಳ ಮದುವೆ ಮಾಡಿದನಂತೆ ಎಂದು ಹೇಳಿ, ‘ಯಾರ ಮುಂದೂ ಹೇಳಿಲ್ಲ ಅಣ್ಣಾರ. ಈಗಿನ ದಿನಮಾನ ಹಿಂಗ ಅದಾವ. ನಿಮ್ಮ ಮುಂದ ಹೇಳಬೇಕಂತ ಅನಿಸ್ತು’ ಅಂದ.

‘ಅವತ್ತ ಅವ ಒಳ್ಳೆಯವ ಅನ್ನಿಸಿದ್ದ ಮಾಸ್ತರ್ರ’ ಎಂದು ಉಡಚಪ್ಪ ನನಗೆ ಹೇಳಿದ. ‘ಊರಾಗ ಚಕ್ಕಡಿ ಬಂತು. ಬಸ್ ಸ್ಟ್ಯಾಂಡಿನ್ಯಾಗ ನಿಂತವರೆಲ್ಲಾ “ಬಂದ್ರೀ ರಾಜೇಸಾಬರ” ಅಂತ ಅವಂಗ ಅಂದ್ರು. ಚಕ್ಕಡಿ ಹೊಡ್ಯಾಕತ್ತಾಂವ ನಾನು. ನನಗ ಒಬ್ಬನೂ ಏನೂ ಅನ್ನಲಿಲ್ಲ.’

1956ರ ಜುಲೈ ಕೊನೆಗೆ ಈಜಿಪ್ಟಿನವರು ಸುಯೆಜ್ ಕಾಲುವೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡರೆಂದು ಪತ್ರಿಕೆಯಲ್ಲಿ ಬಂತು. ನಾನು ಓದಿ ಹೇಳಿದೆ. ಉಡಚಪ್ಪ ಆ ವಾರದ ಸಂತೆಗೆ ತೊಳೆದ ಧೋತರ ಉಟ್ಟು ಬಂದ. ಪೀಪಾಯಿಯ ಮೇಲೆ ಕೈಯಿಟ್ಟುಕೊಂಡು, ಕಾಲುವೆ ಎಷ್ಟು ಉದ್ದ, ಎಷ್ಟು ಅಗಲ, ಯಾವ ಸಮುದ್ರಕ್ಕೂ ಯಾವ ಸಮುದ್ರಕ್ಕೂ ನಡುವೆ, ಯಾರು ತೋಡಿಸಿದರು ಎಂದು ಹೇಳಿದ. ಜನ ಸೇರಿದರು. ‘ಕಾಲುವ್ಯಾಗ ಜಗಳ ಹತ್ತಿದ್ರ ನಮಗ ಎಣ್ಣಿ ಬರೂದು ಕಡಿಮಿ ಆಗ್ತೈತಿ’ ಅಂದ. ನಾನೂ ಅಲ್ಲಿದ್ದೆ. ಎಷ್ಟೋ ವರ್ಷಗಳ ಮೇಲೆ ಅವನ ಸುತ್ತ ಹಾಗೆ ಜನ ನಿಂತಿದ್ದರು.

ಪಂಚಾಯತಿಯ ಹಿರಿಯ ಮೈಲಾರಪ್ಪ ಗುಂಪಿನಲ್ಲಿದ್ದ ರಾಜೇಸಾಬನ ಕಡೆ ತಿರುಗಿ, ‘ಹೌದೇನ?’ ಎಂದು ಕೇಳಿದರು.

ಉಡಚಪ್ಪ ಹೇಳಿ ಮುಗಿಸಿದ್ದ ಮಾತಿಗೆ ರಾಜೇಸಾಬನ ಒಪ್ಪಿಗೆ ಬೇಕಾಯಿತು. ರಾಜೇಸಾಬ ಹಿಂಜರಿದ. ಮತ್ತೆ ಕೇಳಿದಾಗ ಹೇಳಿದ: ‘ಅಣ್ಣಾರು ಹೇಳಿದ್ದು ಖರೇ ಐತ್ರಿ. ಆದ್ರ ನಮ್ಮ ಎಣ್ಣಿ ಆ ಕಾಲುವ್ಯಾಗ ಬರೂದುಲ್ಲ. ಇರಾಣ, ಅರಬಸ್ತಾನದಿಂದ ನೆಟ್ಟಗ ಮುಂಬೈಗೆ ಬರ್ತೈತಿ. ಕಾಲುವಿಯಿಂದ ಹೋಗೂದು ವಿಲಾಯತಿಗೆ. ಕಾಲುವಿ ಬಂದ್ ಆತು, ಸಿರಿಯಾದಾಗಿನ ಪೈಪೂ ಬಂದ್ ಆತು ಅಂದ್ರ, ವಿಲಾಯತಿ ಹಡಗು ಆಫ್ರಿಕಾ ಸುತ್ತ ಹಾಕಿ ಹೋಗಬೇಕು. ಒಂದು ಹಡಗು ಮಾಡೂ ಕೆಲಸಕ್ಕ ಎರಡು ಬೇಕಾಗ್ತಾವ. ಆವಾಗ ನಮ್ಮ ಕಡೆ ಬರೂ ಹಡಗನ್ನೂ ಅವರ ಎಳಕೊಂತಾರ. ಹಂಗ ನಮಗೂ ಕಡಿಮಿ ಬೀಳ್ತೈತಿ.’

ಜನ ತಲೆದೂಗಿದರು. ಉಡಚಪ್ಪ ಹೇಳಿದ್ದನ್ನೇ ಅವನು ಹೇಳಿದ್ದ, ಒಂದು ಹೆಜ್ಜೆ ಮುಂದಕ್ಕೆ. ಆ ಒಂದು ಹೆಜ್ಜೆ ನನ್ನ ನಕಾಶೆಯಲ್ಲಿ ಇರಲಿಲ್ಲ. ಉಡಚಪ್ಪ ನನ್ನ ಕಡೆ ನೋಡಿದ. ಪಾಠ ಸರಿಯಾಗಿ ಹೇಳಿಕೊಡದ ಮಾಸ್ತರನನ್ನು ಹುಡುಗರು ನೋಡುತ್ತಾರಲ್ಲ, ಹಾಗೆ.

ನವೆಂಬರದ ಒಂದನೇ ತಾರೀಖು ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಸಾಲೆಯಲ್ಲಿ ಪೇಢೆ ಹಂಚಿದೆವು. ಅದೇ ವಾರ ಈಜಿಪ್ಟಿನ ಮೇಲೆ ದಾಳಿ ನಡೆದು, ಕಾಲುವೆಯಲ್ಲಿ ಹಡಗು ಮುಳುಗಿಸಿ ದಾರಿ ಮುಚ್ಚಿದರು. ಸಿರಿಯಾದಲ್ಲಿ ಪೈಪಿಗೆ ಎಣ್ಣೆ ನೂಕುವ ಪಂಪುಗಳನ್ನು ಸಿಡಿಸಿದರು. ರಾಜೇಸಾಬ ಹೇಳಿದ ಎರಡೂ ಆದವು. ಡಿಸೆಂಬರದ ಹೊತ್ತಿಗೆ ಹಾವೇರಿಯ ಡಿಪೋದಲ್ಲಿ ಉಡಚಪ್ಪನಿಗೆ ಪೂರ್ತಿ ಪೀಪಾಯಿ ಸಿಗಲಿಲ್ಲ. ಅರ್ಧ ಕೊಟ್ಟು, ಮುಂದಿನ ಸಲ ಅದೂ ಖಾತ್ರಿಯಿಲ್ಲ ಎಂದು ಏಜಂಟರು ಕಳಿಸಿದರು.

ನೀವು ನಂಬುತ್ತೀರೋ ಇಲ್ಲವೋ, ಉಡಚಪ್ಪ ಅರ್ಧ ಪೀಪಾಯಿಯ ಚಕ್ಕಡಿ ಹೊಡೆದುಕೊಂಡು ಊರಿಗೆ ಹುರುಪಿನಲ್ಲೇ ಬಂದ. ಯುದ್ಧಕಾಲದ ದಿನಗಳು ತಿರುಗಿ ಬಂದವು, ಇನ್ನು ಊರು ತನ್ನನ್ನು ಕೇಳುತ್ತದೆ ಎಂದು ಅವನ ಲೆಕ್ಕ. ಊರು ಕೇಳಿತು, ಆದರೆ ಎಣ್ಣೆಯನ್ನು ಮಾತ್ರ. ನೂಕಾಟ ಹೆಚ್ಚಾದಾಗ ಮೈಲಾರಪ್ಪನವರು ಪಂಚರನ್ನು ಕೂಡಿಸಿ, ಯಾರಿಗೆ ಎಷ್ಟು ಎಂದು ಗೊತ್ತುಮಾಡಲು ರಾಜೇಸಾಬನನ್ನು ನಿಲ್ಲಿಸಿದರು. ‘ಅವಂಗ ಈ ಎಣ್ಣಿ ವಿಚಾರ ಬುಡದಿಂದ ಗೊತ್ತೈತಿ, ಎಷ್ಟು ದಿನ ಈ ಪಜೀತಿ ಅನ್ನೂದೂ ಗೊತ್ತೈತಿ’ ಅಂದರು. ಆ ದಿನದಿಂದ ಚಕ್ಕಡಿಯ ಪಕ್ಕ ರಾಜೇಸಾಬ ನಿಂತು, ‘ಇವರ ಮನ್ಯಾಗ ಬಾಣಂತಿ ಅದಾಳ, ಎರಡು ಪಾವು ಹಾಕ್ರಿ. ಇವರಿಗೆ ಒಂದು ಸಾಕು’ ಅನ್ನುವನು. ಉಡಚಪ್ಪ ಅಳೆದು ಹಾಕುವನು. ತನ್ನ ಚಕ್ಕಡಿ, ತನ್ನ ಪೀಪಾಯಿ, ತಾನು ಮೂವತ್ತು ವರ್ಷ ಸವೆಸಿದ ದಾರಿ. ಯಾವ ಮನೆಗೆ ಎಷ್ಟು ಬೇಕೆಂದು ತನಗಿಂತ ಯಾರಿಗೆ ಗೊತ್ತು? ರಾಜೇಸಾಬನಿಗೆ ಅದನ್ನು ಹೇಳಿಕೊಟ್ಟವನೂ ತಾನೇ, ಆ ಚಕ್ಕಡಿಯ ದಾರಿಯಲ್ಲಿ. ಹಾಗೆ ಎರಡು ಸಂತೆ ನಡೆಯಿತು. ಮೂರನೆಯ ಸಂತೆಯಲ್ಲಿ ಒಬ್ಬ ಮುದುಕಿ ಎಣ್ಣೆ ಹಾಕಿಸಿಕೊಂಡು, ರಾಜೇಸಾಬನಿಗೆ ಕೈಮುಗಿದು, ‘ನಿನ್ನಿಂದ ನನ್ನ ಮನ್ಯಾಗ ದೀಪ ಐತಪ್ಪಾ’ ಅಂದಳು.

ಮರುದಿನ ಉಡಚಪ್ಪ ಮತ್ತೆ ಸಾಲೆಗೆ ಬಂದ. ನಕಾಶೆಯ ಕಡೆ ನೋಡಲಿಲ್ಲ.

‘ಒಂದು ಅರ್ಜಿ ಬರಕೊಡ್ರಿ. ಹಾನಗಲ್ಲ ಕಚೇರಿಗೆ ಕಳಸಬೇಕು. ಹೆಸರು ಬ್ಯಾಡ.’

‘ಏನಂತ?’

‘ರಾಜೇಸಾಬ ಮನ್ಯಾಗ ಎಣ್ಣಿ ಬಚ್ಚಿಟ್ಟಾನ ಅಂತ. ಮತ್ತ ಅವಂಗ ಕರಾಚಿಯಿಂದ ಪತ್ರ ಬರ್ತಾವ ಅಂತ.’

‘ಎಣ್ಣಿ ಇಟ್ಟಿದ್ದು ನೀವು ನೋಡೀರೇನು?’

ಅವನು ಚಪ್ಪಲಿಯ ಕಡೆ ಮುಖ ತಿರುಗಿಸಿದ. ‘ನಾ ಬರಿಯೂದಿಲ್ಲ. ನೀವೂ ಬರಸಬ್ಯಾಡ್ರಿ, ಉಡಚಪ್ಪ. ಇದು ಹಗುರಾದ ಮಾತಲ್ಲ’ ಅಂದೆ. ಎದ್ದು ಹೋದ. ಅವನು ಬೇರೆ ಯಾರಿಂದಲಾದರೂ ಬರೆಸಬಹುದೆಂದು ನನಗೆ ಹೊಳೆದಿತ್ತು. ತಗಡಿನ ಅಂಗಡಿ ನನ್ನ ಮನೆಯ ದಾರಿಯಲ್ಲೇ ಇತ್ತು. ದಿನಾ ಅದರ ಮುಂದೆಯೇ ಹಾದುಹೋಗುತ್ತಿದ್ದೆ. ಹೋಗಿ ಒಂದು ಮಾತು ಹೇಳಬಹುದಿತ್ತು. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸುವುದು ಸರಿಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಸುಮ್ಮನಿದ್ದೆ. ಈ ಕತೆಯಲ್ಲಿ ನನ್ನ ಪಾಲಿನ ತಪ್ಪು ಅದು.

ಎಂಟು ದಿನಗಳ ಮೇಲೆ ಒಂದು ಬೆಳಿಗ್ಗೆ ತಾಲೂಕು ಕಚೇರಿಯಿಂದ ನಾಲ್ವರು ಬಂದು ರಾಜೇಸಾಬನ ಮನೆ ಶೋಧಿಸಿದರು. ಎಣ್ಣೆ ಸಿಕ್ಕಿದ್ದು ಅವನ ಪಾಲಿಗೆ ಬಂದಿದ್ದ ಒಂದು ಪಾವು, ಅದರಲ್ಲಿಯೂ ಅರ್ಧ ಉರಿದಿತ್ತು. ಆದರೆ ಟ್ರಂಕಿನಲ್ಲಿ ಉರ್ದು, ಫಾರ್ಸಿ ಪತ್ರಗಳಿದ್ದವು, ಅಬಾದಾನದ ಕಾರಖಾನೆಯ ಪೈಪುಗಳನ್ನು ಅವನೇ ಪೆನ್ಸಿಲ್ಲಿನಲ್ಲಿ ಬರೆದ ದೊಡ್ಡ ಹಾಳೆಗಳಿದ್ದವು. ಅವುಗಳನ್ನು ಓದಬಲ್ಲವರು ಬಂದವರಲ್ಲಿ ಯಾರೂ ಇರಲಿಲ್ಲ. ಪತ್ರ, ಹಾಳೆಗಳನ್ನು ಕಟ್ಟಿಕೊಂಡು, ರಾಜೇಸಾಬನನ್ನು ಕರೆದುಕೊಂಡು ಹೋದರು. ಹುಸೇನಬಿ ಬಾಗಿಲ ಹೊರಗೆ ನಿಂತು, ಓಣಿಯಲ್ಲಿ ಸೇರಿದ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಉಡಚಪ್ಪ ಅಲ್ಲಿದ್ದ. ಅವಳ ಕಣ್ಣು ತನ್ನ ಮೇಲೆ ಹೆಚ್ಚು ಹೊತ್ತು ನಿಂತಿತೆಂದು ಅವನಿಗೆ ಅನಿಸಿತು.

ಆರು ದಿನ ಕೂಡಿಹಾಕಿ, ಕೇಳಿ, ಪತ್ರಗಳಲ್ಲಿ ಮದುವೆ, ಜ್ವರ, ಹವೆಯ ಮಾತಲ್ಲದೆ ಬೇರೇನೂ ಇಲ್ಲವೆಂದು ತಿಳಿದ ಮೇಲೆ ಬಿಟ್ಟರು. ಹಾಳೆಗಳು ತಿರುಗಿ ಬರಲಿಲ್ಲ. ರಾಜೇಸಾಬ ಬಸ್ಸಿನಿಂದ ಇಳಿದು ಯಾರೊಂದಿಗೂ ಮಾತಾಡದೆ ಮನೆಗೆ ಹೋದ. ಒಂದು ವಾರದ ಮೇಲೆ ಅಂಗಡಿ ತೆರೆದ, ಸ್ಟೋವು ರಿಪೇರಿ ಮಾಡಿದ. ಕೈ ಮಾತ್ರ ನಡೆಯುತ್ತಿತ್ತು, ಬಾಯಿ ನಿಂತಿತ್ತು. ಯಾರಾದರೂ ಎಣ್ಣೆಯ ಮಾತು ತೆಗೆದರೆ, ‘ಗೊತ್ತಿಲ್ರಿ’ ಅನ್ನುತ್ತಿದ್ದ.

ಉಡಚಪ್ಪನಿಗೆ ಇನ್ನಾದರೂ ನೆಮ್ಮದಿ ಸಿಗಬೇಕಿತ್ತು. ಸಂತೆಯಲ್ಲಿ ಅವನೊಬ್ಬನೇ ಉಳಿದಿದ್ದ. ಆದರೆ ಊರು ರಾಜೇಸಾಬನ ಮನೆಗೆ ನಡೆಯಿತು. ಮೈಲಾರಪ್ಪನವರು ಹೋಗಿ ಎರಡು ಗಳಿಗೆ ಕೂತು ಬಂದರು. ಹೆಂಗಸರು ಹುಸೇನಬಿಗೆ ರೊಟ್ಟಿ, ಮೊಸರು ಕಳಿಸಿದರು. ಸುಶೀಲವ್ವ ತಾನೇ ಹೋಗಿ ಬಂದು, ‘ಯಾವ ಪಾಪಿ ಹಿಂಗ ಮಾಡಿದ್ನೋ’ ಎಂದು ಗಂಡನ ಮುಂದೆಯೇ ಕಣ್ಣೊರೆಸಿಕೊಂಡಳು. ಅವನು ಉಣ್ಣುವುದನ್ನು ನಿಲ್ಲಿಸಿ ಎದ್ದುಹೋದ. ‘ಖರೇ ಹೇಳ್ತೇನಿ ಮಾಸ್ತರ್ರ, ನನಗ ಆಗ ತಪ್ಪು ಮಾಡಿದೆ ಅನ್ನಿಸಲಿಲ್ಲ. ಮತ್ತ ಹೊಟ್ಟಿ ಉರೀತು. ಅವಂಗ ಬಂದ ಕಷ್ಟದ ಮ್ಯಾಲೂ ನನಗ ಹೊಟ್ಟಿ ಉರೀತು. ಅಷ್ಟು ಮಂದಿ ನನ್ನ ಸಲುವಾಗಿ ಯಾವತ್ತೂ ಅತ್ತಿದ್ದಿಲ್ಲ’ ಎಂದು ಮುಂದೊಮ್ಮೆ ನನಗೆ ಹೇಳಿದ.

ಮರುವರ್ಷದ ಬೇಸಿಗೆಯಲ್ಲಿ ಕಾಲುವೆ ತೆರೆಯಿತು, ಹಾವೇರಿಗೆ ಎಣ್ಣೆ ಮೊದಲಿನಂತೆ ಬಂತು. ಮೂರು ನಾಲ್ಕು ವರ್ಷ ಇಬ್ಬರೂ ಒಂದೇ ಊರಿನಲ್ಲಿ ಎದುರುಬದುರು ಹಾದುಹೋದರು. ರಾಜೇಸಾಬ ‘ಸಲಾಂ ಅಣ್ಣಾರ’ ಅನ್ನುವುದನ್ನು ಬಿಡಲಿಲ್ಲ. ಉಡಚಪ್ಪ ಎತ್ತಿನ ಬಾರುಕೋಲಿನ ಕಡೆ ನೋಡುತ್ತ ಹೋಗುತ್ತಿದ್ದ.

ಅಷ್ಟರಲ್ಲಿ ಗುಜರಾತಿನ ಅಂಕಲೇಶ್ವರದಲ್ಲಿ ನೆಲದೊಳಗೆ ಎಣ್ಣೆ ಸಿಕ್ಕಿತು. ಅಲ್ಲಿಂದ ಪೈಪು ಹಾಕುವ ಕೆಲಸಕ್ಕೆ ಅನುಭವವಿದ್ದ ಫಿಟ್ಟರರು ಬೇಕಾದರು. ರಾಜೇಸಾಬ ನನ್ನ ಕಡೆಯಿಂದ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿ ಕಳಿಸಿದ. 1962ರಲ್ಲಿ ಕರೆ ಬಂತು, ಜೊತೆಗೆ ಒಂದು ತೊಡಕೂ ಬಂತು. ಐವತ್ತಾರನೇ ಇಸವಿಯ ಶೋಧ ಕಾಗದದಲ್ಲಿ ಹಾಗೇ ಉಳಿದಿತ್ತು. ದೂರು ಸುಳ್ಳೆಂದು ಎಲ್ಲಿಯೂ ದಾಖಲಾಗಿರಲಿಲ್ಲ. ಅದು ತೆರವಾಗದೆ ನಡತೆಯ ಸರ್ಟಿಫಿಕೇಟು ಸಿಗದು. ನಾನು ಹಾನಗಲ್ಲಿಗೆ ಎರಡು ಸಲ ಹೋಗಿ ಬಂದೆ. ದೂರು ಕೊಟ್ಟವರು ಯಾರೆಂದು ತಿಳಿಯದೆ ಸುಳ್ಳೆಂದು ಹೇಗೆ ಬರೆಯುವುದು ಎಂದರು.

ನಾನು ಉಡಚಪ್ಪನ ಮನೆಗೆ ಹೋದೆ. ಎತ್ತಿನ ಮೈ ತಿಕ್ಕುತ್ತಿದ್ದ. ವಿಷಯ ಹೇಳಿದೆ. ಬೇರೇನೂ ಹೇಳಲಿಲ್ಲ. ಅವನು ತಿಕ್ಕುವುದನ್ನು ಮುಗಿಸಿ, ಕೈ ತೊಳೆದುಕೊಂಡು ಕೇಳಿದ: ‘ಈ ಕೆಲಸ ಸಿಕ್ರ ಅವ ಊರು ಬಿಟ್ಟು ಹೋಗ್ತಾನೇನ್ರಿ?’

‘ಹೋಗ್ತಾರ. ಹುಸೇನಬೀನ್ನೂ ಕರಕೊಂಡು ಹೋಗ್ತಾರ.’

‘ತಿರಗಿ ಬರೂದುಲ್ಲ?’

‘ಬರಲಿಕ್ಕಿಲ್ಲ.’

‘ಹಂಗಾರ ನಾಳೆ ಹಾನಗಲ್ಲಿಗೆ ಹೋಗೂಣು. ಆ ಅರ್ಜಿ ನಂದು, ಅದರಾಗಿನ ಮಾತು ಸುಳ್ಳು ಅಂತ ಹೇಳ್ತೇನಿ.’ ನಾನು ಅವನ ಮುಖ ನೋಡಿದ್ದನ್ನು ಕಂಡು, ‘ನನ್ನ ದೊಡ್ಡಾಂವ ಅಂತ ತಿಳೀಬ್ಯಾಡ್ರಿ. ಅವ ಕಣ್ಣಿಂದ ದೂರಾದ್ರ ನನಗ ಎರಡು ತುತ್ತು ಸೇರ್ತೈತಿ. ಅದಕ್ಕ ಬರಾಕತ್ತೇನಿ’ ಅಂದ.

ಹೋಗಿ ಹೇಳಿದ. ಹೆಬ್ಬೆಟ್ಟು ಒತ್ತಿದ. ಸುಳ್ಳು ದೂರಿಗೆ ಶಿಕ್ಷೆಯಾಗಬಹುದೆಂದು ಹೆದರಿಸಿದರು. ‘ಆಗ್ಲಿ’ ಅಂದ. ಒಂದು ಗಂಟೆ ನಿಲ್ಲಿಸಿ, ಬಯ್ದು ಕಳಿಸಿದರು. ಅಂಥ ಮಾತು ಹಾನಗಲ್ಲಿನಿಂದ ಅಕ್ಕಿಆಲೂರಿಗೆ ಬಸ್ಸಿಗಿಂತ ಮೊದಲು ಬರುತ್ತದೆ. ನಾವು ಇಳಿಯುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಸುಶೀಲವ್ವ ಆ ದಿನದಿಂದ ಎರಡು ತಿಂಗಳು ಗಂಡನಿಗೆ ತಾಟು ಮುಂದಿಟ್ಟಳೇ ವಿನಾ ಮಾತಾಡಲಿಲ್ಲ. ಸಂತೆಯಲ್ಲಿ ಕೆಲವರು ಅವನ ಚಕ್ಕಡಿಯ ಮುಂದೆ ನಿಲ್ಲುವುದನ್ನು ಬಿಟ್ಟು ಅಂಗಡಿಯಿಂದ ಎಣ್ಣೆ ತಂದರು.

ನಾಲ್ಕನೆಯ ದಿನ ರಾಜೇಸಾಬ ಉಡಚಪ್ಪನ ಮನೆಗೆ ಬಂದ. ಏನಾಗುವುದೋ ಎಂದು ಸುಶೀಲವ್ವ ನನ್ನನ್ನು ಕರೆಸಿದಳು. ನಾನು ಹೋದಾಗ ಇಬ್ಬರೂ ಪಡಸಾಲೆಯಲ್ಲಿ ಎದುರಾಗಿ ಕೂತಿದ್ದರು.

‘ನನಗ ಅವತ್ತ ಗೊತ್ತಾಗಿತ್ತು, ಅಣ್ಣಾರ’ ಅಂದ ರಾಜೇಸಾಬ. ‘ಕರಾಚಿ ಪತ್ರದ ಮಾತು ನಿಮಗೊಬ್ಬರಿಗೆ ಹೇಳಿದ್ದೆ. ಹಾನಗಲ್ಲಿನ್ಯಾಗ ಅವರು ಮೊದಲ ಕೇಳಿದ್ದ ಅದನ್ನ. ಯಾರು ಅನ್ನೂದು ಗೊತ್ತಾತು. ಯಾಕ ಅನ್ನೂದು ಆರು ವರ್ಷಾತು, ಗೊತ್ತಾಗಿಲ್ಲ. ನಾ ನಿಮಗೇನ ಮಾಡಿದ್ದೆ?’

ಉಡಚಪ್ಪ ನೆಲ ನೋಡುತ್ತ, ‘ಮಂದಿ ನಿನ್ನ ಕೇಳ್ತಿದ್ರು’ ಅಂದ.

‘ಏನ ಕೇಳ್ತಿದ್ರು?’

‘ಎಣ್ಣಿ ಮಾತು. ಮೊದಲ ನನ್ನ ಕೇಳ್ತಿದ್ರು. ನೀ ಬಂದ ಮ್ಯಾಲೆ ನಿನ್ನ ಕೇಳ್ತಿದ್ರು.’

‘ಅಷ್ಟನ?’

‘ಅಷ್ಟ.’

ದೊಡ್ಡ ಕಾರಣವೊಂದನ್ನು ರಾಜೇಸಾಬ ಆರು ವರ್ಷ ಹುಡುಕಿರಬೇಕು. ಸಿಕ್ಕಿದ್ದು ಇಷ್ಟು ಸಣ್ಣದೆಂದು ನಂಬಲು ಅವನಿಗೆ ಹೊತ್ತು ಹಿಡಿಯಿತು. ಕೊನೆಗೆ, ‘ನಾ ಮಾಫ್ ಮಾಡೇನಿ ಅಂದ್ರ ಸುಳ್ಳಾಗ್ತೈತಿ. ಹುಸೇನಬಿ ಅಂತೂ ಮಾಡೂದುಲ್ಲ. ಆದ್ರ ನೀವು ಹಾನಗಲ್ಲಿಗೆ ಹೋಗಿದ್ದಕ್ಕ ನನಗ ಕೆಲಸ ಸಿಕ್ತು. ಅದನ್ನ ಹೇಳಿ ಹೋಗಬೇಕಂತ ಬಂದೆ’ ಎಂದು ಎದ್ದ. ಸುಶೀಲವ್ವ ಚಹಾ ತಂದಿದ್ದಳು. ನಿಂತುಕೊಂಡೇ ಕುಡಿದು, ಕಪ್ಪು ಅವಳ ಕೈಗೆ ಕೊಟ್ಟು ಹೋದ. ಮುಂದಿನ ತಿಂಗಳು ಗಂಡಹೆಂಡತಿ ಊರು ಬಿಟ್ಟರು. ಅಂಕಲೇಶ್ವರದಿಂದ ನನಗೆ ವರ್ಷಕ್ಕೊಂದು ಕಾರ್ಡು ಬರುತ್ತಿತ್ತು. ಎಷ್ಟು ಮೈಲಿ ಪೈಪು ಮುಗಿಯಿತು ಎಂದು ಅದರಲ್ಲಿ ಬರೆಯುತ್ತಿದ್ದ. ಉಡಚಪ್ಪನ ಹೆಸರು ಯಾವ ಕಾರ್ಡಿನಲ್ಲಿಯೂ ಇರಲಿಲ್ಲ. ಕಾರ್ಡು ಬಂದಿದೆಯೆಂದು ತಿಳಿದರೆ ಉಡಚಪ್ಪ ಬಂದು, ‘ಏನ ಬರದಾನ?’ ಎಂದು ಕೇಳುವನು. ಓದಿ ಹೇಳಿದರೆ ಮುಖ ಸಣ್ಣದು ಮಾಡಿಕೊಂಡು ಹೋಗುವನು.

1967ರ ಜೂನಿನಲ್ಲಿ ಮತ್ತೆ ಯುದ್ಧವಾಗಿ ಸುಯೆಜ್ ಕಾಲುವೆ ಮತ್ತೆ ಮುಚ್ಚಿತು. ಆಗ ಊರಿನ ಅರ್ಧ ಮನೆಗಳಿಗೆ ಕರೆಂಟು ಬಂದಿತ್ತು. ಉಡಚಪ್ಪನಿಗೆ ಅರವತ್ತು. ಹಳ್ಳಿಗಳಲ್ಲಿ ಇನ್ನೂ ಅವನ ಎಣ್ಣೆಯೇ. ಹಳೆಯದನ್ನು ಜನ ಅರ್ಧ ಮರೆತಿದ್ದರು. ‘ಎಣ್ಣಿ ನಿಲ್ತೈತೇನ, ಉಡಚಪ್ಪ?’ ಎಂದು ಸಂತೆಯಲ್ಲಿ ಕೇಳಿದರು. ಅವನು ಹೇಳಿದ. ಕಾಲುವೆಯಿಂದ ನಮ್ಮ ಎಣ್ಣೆ ಬರುವುದಿಲ್ಲ, ಹಡಗು ಸುತ್ತು ಹಾಕುವುದರಿಂದ ನಮಗೆ ತಟ್ಟುತ್ತದೆ, ಈಗ ಗುಜರಾತಿನಲ್ಲಿ ನಮ್ಮದೇ ಎಣ್ಣೆ ಇದೆ, ಹಿಂದಿನಷ್ಟು ಹೆದರಿಕೆಯಿಲ್ಲ. ಒಂದು ಅಕ್ಷರವೂ ತಪ್ಪಿರಲಿಲ್ಲ. ಮಾತು ಮುಗಿಸುವ ಮೊದಲೇ ಹಂಸಭಾವಿಯಿಂದ ಬಂದ ಒಬ್ಬ ಹರೆಯದ ಕರೆಂಟಿನ ಓವರಸಿಯರ್, ಗುದ್ಲೆಪ್ಪ ಅಂತ, ‘ಇನ್ನ ಎಣ್ಣಿ ಮಾತು ಯಾಕ ಬೇಕ್ರಿ? ಮುಂದಿನ ವರ್ಷ ಹಳ್ಳಿಗೂ ತಂತಿ ಎಳೀತೇವಿ’ ಅಂದ. ಜನ ಗುದ್ಲೆಪ್ಪನ ಕಡೆ ತಿರುಗಿದರು. ಯಾವ ಹಳ್ಳಿಗೆ ಮೊದಲು, ಕಂಬ ಎಲ್ಲಿ, ಮನೆಗೆ ಎಷ್ಟು ದೀಪ ಎಂದು ಅವನನ್ನು ಮುತ್ತಿದರು.

ಉಡಚಪ್ಪ ನನ್ನ ಹತ್ತಿರ ಬಂದ. ‘ಮಾಸ್ತರ್ರ, ಮತ್ತ ಸುರು ಆತು ನೋಡ್ರಿ’ ಎಂದು ಎದೆಯ ಕೆಳಗೆ ಕೈಯಿಟ್ಟು ತೋರಿಸಿದ. ‘ಇಲ್ಲೇ. ಅದ ಜಾಗಾದಾಗ.’

‘ಈಗ ಏನ ಮಾಡ್ತೀರಿ?’ ಎಂದು ಕೇಳಿದೆ.

‘ಏನ ಮಾಡೂದು. ಈ ಸಲ ಯಾರ ಕಡೀಂದೂ ಏನೂ ಬರಸೂದುಲ್ಲ’ ಅಂದ. ಸ್ವಲ್ಪ ಹೊತ್ತು ಆ ಗುಂಪನ್ನು ನೋಡಿ, ಎತ್ತು ಹೂಡಿ, ಸಂತೆ ಮುಗಿಯುವ ಮೊದಲೇ ಹಳ್ಳಿಗಳ ಕಡೆ ಹೊರಟ. ಆ ದಿನ ತಿಳುವಳ್ಳಿಯ ದಾರಿಯಲ್ಲಿ ಮಳೆ ಸುರಿಯುತ್ತಿತ್ತು. ಹಳ್ಳಿಗಳಲ್ಲಿ ಅವನು ಎಣ್ಣೆ ಹಾಕುವಷ್ಟರಲ್ಲಿ ದಾಟಿ ಮುಂದೆ ಹೋಗಿದ್ದ ಗುದ್ಲೆಪ್ಪ ಸೈಕಲ್ಲು ಕೈಯಲ್ಲಿ ತಳ್ಳುತ್ತ ಕೆಸರಿನಲ್ಲಿ ನಡೆದಿದ್ದನಂತೆ. ಉಡಚಪ್ಪ ಚಕ್ಕಡಿ ನಿಲ್ಲಿಸಲಿಲ್ಲ. ಒಂದು ಫರ್ಲಾಂಗು ಮುಂದೆ ಹೋದ ಮೇಲೆ ನಿಲ್ಲಿಸಿದ. ಹುಡುಗ ಬಂದು ಮುಟ್ಟುವವರೆಗೆ ಮಳೆಯಲ್ಲಿ ಕಾದು, ಸೈಕಲ್ಲನ್ನು ಪೀಪಾಯಿಯ ಪಕ್ಕ ಕಟ್ಟಿಸಿ, ‘ಹತ್ತು. ಮಾತಾಡಬ್ಯಾಡ’ ಅಂದನಂತೆ. ಇದನ್ನು ಹೇಳಿದವನು ಗುದ್ಲೆಪ್ಪನೇ. ಮುದುಕ ಯಾಕೆ ಹಾಗಂದನೆಂದು ಅವನಿಗೆ ತಿಳಿಯಲಿಲ್ಲ. ಹಿರೇಕೆರೂರಿನ ರಸ್ತೆ ಕೂಡುವವರೆಗೂ ಇಬ್ಬರೂ ಬಾಯಿ ಬಿಡದೆ ಹೋದರು.